ಕಡಲ ತಳಕ್ಕೆ ಹೂಡಿದ ರಂಟೆ

ಗೋವೆಯ ಕದಂಬರು ಸಮುದ್ರದ ದೊರೆಗಳು. ಅವರ ರಾಜಧಾನಿ ಗೋಪಕಪಟ್ಟಣ ಜುವಾರಿ ನದಿಯ ದಂಡೆಯಲ್ಲಿದ್ದ ಬಂದರು. ಆದರೆ ಆ ಮನೆತನದ ಒಂದು ಸೊಗಸಾದ ಗುಡಿ ನೋಡಬೇಕೆಂದರೆ ಸಮುದ್ರಕ್ಕೆ ಬೆನ್ನು ಮಾಡಿ, ಘಟ್ಟ ಹತ್ತಿ, ಕಿತ್ತೂರಿನ ಮಗ್ಗುಲಿಗಿರುವ ದೇಗಾಂವಕ್ಕೆ ಬರಬೇಕು. ಅಲ್ಲಿಯ ಕಮಲನಾರಾಯಣ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಕಮಲಾದೇವಿ, ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ. ಕಟ್ಟಿದ ಶಿಲ್ಪಿ ತಿಪ್ಪೋಜ. ಒಂದೇ ಸೂರಿನಡಿ ಮೂರು ಗರ್ಭಗುಡಿ, ಕಡೆದು ನಿಲ್ಲಿಸಿದ ಕಂಬಗಳು. ಸಮುದ್ರ ಇಲ್ಲಿಂದ ನೇರ ಗೆರೆ ಎಳೆದರೂ ನೂರು ಕಿಲೋಮೀಟರಿನ ಆಸುಪಾಸು.

ಈ ಮನೆತನದ 11ನೇ ಶತಮಾನದ ತಾಮ್ರಶಾಸನವೊಂದರಲ್ಲಿ ಒಂದು ಪ್ರಸಂಗ ಬರುತ್ತದೆ. ಕದಂಬ ಅರಸನೊಬ್ಬ ಸೋಮನಾಥನ ಯಾತ್ರೆಗೆಂದು ಹಡಗಿನಲ್ಲಿ ಹೊರಟಿದ್ದಾನೆ. ನಡುದಾರಿಯಲ್ಲಿ ಹಾಯಿಕಂಬ ಮುರಿಯುತ್ತದೆ. ಗೋವೆಯ ಬಂದರನ್ನು ಹೇಗೋ ಸೇರಿಕೊಂಡ ಅವನಿಗೆ ಮದುಮದ ಎಂಬ ಅರಬ್ ವ್ಯಾಪಾರಿ ನೆರವಾಗುತ್ತಾನೆ. ಹಾಯಿ ಕಳೆದುಕೊಂಡ ಹಡಗಿಗೆ ಉಳಿಯುವ ದಾರಿ ಎರಡೇ: ಯಾರಾದರೂ ಎಳೆದುಕೊಂಡು ಹೋಗಬೇಕು, ಇಲ್ಲವೇ ಗಾಳಿ ಅದನ್ನು ಬಂಡೆಗೆ ಅಪ್ಪಳಿಸುವ ಮೊದಲು ಲಂಗರು ಹಿಡಿಯಬೇಕು.

ಆ ಕಾಲದ ಲಂಗರುಗಳು ಹೇಗಿದ್ದವು ಎಂಬುದು ನಮಗೆ ಚೆನ್ನಾಗಿ ಗೊತ್ತು. ಗೋವೆಯ ದೋನಾಪಾವುಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ದ್ವಾರಕೆ, ಸೋಮನಾಥದ ಕಡಲಿನಲ್ಲಿ ಮುಳುಗಿ ಅಂಥ ಅನೇಕ ಕಲ್ಲುಗಳನ್ನು ದಾಖಲಿಸಿದ್ದಾರೆ. ಇದೇ ನಮೂನೆಯವು ಇರಾನಿನ ಹಳೆಯ ಬಂದರು ಸಿರಾಫಿನಲ್ಲೂ ಸಿಕ್ಕಿವೆ. ಹೀಗಾಗಿ ಅವಕ್ಕೆ ಇಂಡೋ-ಅರಬ್ ಲಂಗರು ಎಂದೇ ಹೆಸರು. ದೂರದಿಂದ ನೋಡಿದರೆ ಹೊಲದ ಗಡಿಗೆ ನೆಟ್ಟ ಕಲ್ಲು. ಕೆಳಗೆ ದಪ್ಪ, ಮೇಲಕ್ಕೆ ಹೋದಂತೆ ತೆಳು. ಮೇಲ್ತುದಿಯಲ್ಲಿ ಹಗ್ಗ ಪೋಣಿಸಲು ಒಂದು ದುಂಡು ತೂತು. ಕೆಳಗೆ ಇನ್ನೆರಡು ತೂತು. ಇವು ಚೌಕ, ಒಂದು ಪೂರ್ವ-ಪಶ್ಚಿಮಕ್ಕಾದರೆ ಇನ್ನೊಂದು ದಕ್ಷಿಣೋತ್ತರ.

ಆ ಚೌಕ ತೂತುಗಳಲ್ಲೇ ಇಡೀ ವಿದ್ಯೆ ಅಡಗಿದೆ. ಅವುಗಳಲ್ಲಿ ಗಟ್ಟಿ ಮರದ ಗೂಟಗಳನ್ನು ಅಡ್ಡಡ್ಡ ತೂರಿಸುತ್ತಿದ್ದರು. ಕಲ್ಲು ತಳಕ್ಕೆ ಬಿದ್ದು ಯಾವ ಮಗ್ಗುಲಿಗೆ ಉರುಳಿದರೂ ಒಂದು ಗೂಟ ಕೆಳಮುಖವಾಗಿ ನಿಂತು ನೆಲಕ್ಕೆ ನಾಟಬೇಕು. ಭಾರವೊಂದೇ ಸಾಕಾಗಿದ್ದರೆ ಇಷ್ಟು ಕಷ್ಟಪಟ್ಟು ಕಲ್ಲಿಗೆ ತೂತು ಕೊರೆಯುವ ಗರಜು ಏನಿತ್ತು?

ಲಂಗರೆಂದರೆ ದೋಣಿಯನ್ನು ತನ್ನ ಭಾರದಿಂದ ಹಿಡಿದಿಡುವ ವಸ್ತು ಎಂದೇ ನಾವು ಬಯಲುಸೀಮೆಯವರು ತಿಳಿದಿರುತ್ತೇವೆ. ಲೆಕ್ಕ ಹಾಕಿ ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ನೂರು ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಸಮುದ್ರಕ್ಕೆ ಬಿಟ್ಟರೆ, ಆರ್ಕಿಮಿಡೀಸ್ ಹೇಳಿದಂತೆ, ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟು ತೂಕವನ್ನು ಅದು ಕಳೆದುಕೊಳ್ಳುತ್ತದೆ. ಉಳಿಯುವುದು ಅರವತ್ತೆರಡು ಕಿಲೋ. ಕಾಂಕ್ರೀಟಿನ ಗುಂಡಾದರೆ ಇನ್ನೂ ಕಡಿಮೆ, ಐವತ್ತೇಳರಷ್ಟು. ಅದು ಮರಳಿನ ಮೇಲೆ ಸುಮ್ಮನೆ ಕೂತಿದೆ ಎಂದಿಟ್ಟುಕೊಳ್ಳಿ. ಅದನ್ನು ಅಡ್ಡಕ್ಕೆ ಜಾರಿಸಲು ನೀರೊಳಗಿನ ತೂಕದ ಅರ್ಧದಷ್ಟು ಎಳೆತ ಸಾಕು, ಅಂದರೆ ಮೂವತ್ತು ಕಿಲೋ. ಒಂದು ಸಾಧಾರಣ ದೋಣಿಯ ಮೇಲೆ ಸಂಜೆಯ ಗಾಳಿ ಅಷ್ಟನ್ನು ಲೀಲಾಜಾಲವಾಗಿ ಎಳೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಅತ್ತ ಹದಿನೈದು-ಇಪ್ಪತ್ತು ಕಿಲೋ ತೂಕದ ಒಳ್ಳೆಯ ಕಬ್ಬಿಣದ ಲಂಗರು ಗಟ್ಟಿ ಮರಳಿನಲ್ಲಿ ಸರಿಯಾಗಿ ನಾಟಿಕೊಂಡರೆ ನೂರಾರು ಕಿಲೋ ಎಳೆತಕ್ಕೂ ಜಗ್ಗುವುದಿಲ್ಲ. ಹಿಡಿಯುವುದು ಲಂಗರಲ್ಲ, ನೆಲ. ನೆಲದೊಳಕ್ಕೆ ಇಳಿಯುವುದಷ್ಟೇ ಲಂಗರಿನ ಕೆಲಸ.

ನೆಲದೊಳಕ್ಕೆ ಇಳಿಯುವ ವಿದ್ಯೆ ಬೈಲಹೊಂಗಲ, ಸವದತ್ತಿ ಕಡೆಯ ರೈತರಿಗೆ ಹೊಸದಲ್ಲ. ಕರಿಕೆ ಬೆಳೆದು ಗಟ್ಟಿಯಾದ ಎರೆ ಹೊಲವನ್ನು ಸೀಳಲು ಟ್ರ್ಯಾಕ್ಟರ್ ಬರುವುದಕ್ಕೂ ಮುಂಚೆ ಕಬ್ಬಿಣದ ರಂಟೆಗೆ ಎರಡು ಮೂರು ಜೋಡಿ ಎತ್ತು ಹೂಡುತ್ತಿದ್ದರು. ರಂಟೆಗೂ ಎತ್ತಿಗೂ ನಡುವೆ ಉದ್ದನೆಯ ಸರಪಳಿ. ಆ ಕಾಲದ ಬೇಸಾಯ ಕಂಡ ಹಿರಿಯರೊಬ್ಬರನ್ನು ಸರಪಳಿ ಯಾಕೆ ಅಷ್ಟು ಉದ್ದ ಎಂದು ಕೇಳಿದರೆ ಉತ್ತರ ಬಾಯಲ್ಲೇ ಇತ್ತು: "ಗಿಡ್ಡ ಕಟ್ಟಿದ್ರ ರಂಟಿ ಮ್ಯಾಲ ಏಳತೈತ್ರಿ. ಎತ್ತು ಜಗ್ಗೂದು ಮ್ಯಾಲ ಅಲ್ಲೇನ್ರಿ? ಉದ್ದ ಬಿಟ್ರ ನೆಲಾ ಹಿಡಕೊಂಡ ಹೋಗತೈತಿ." ಎತ್ತಿನ ಹೆಗಲು ಎತ್ತರದಲ್ಲಿದೆ, ರಂಟೆ ನೆಲದಲ್ಲಿದೆ. ಸರಪಳಿ ಮೋಟಾದರೆ ಎಳೆತ ಮೇಲ್ಮುಖವಾಗಿ ಕುಳ ಕಿತ್ತು ಬರುತ್ತದೆ; ಉದ್ದವಾದರೆ ಎಳೆತ ನೆಲಕ್ಕೆ ಸಮನಾಗಿ ಕುಳ ಆಳಕ್ಕೆ ಕಚ್ಚುತ್ತದೆ. ಎತ್ತಿನ ಜಾಗದಲ್ಲಿ ದೋಣಿಯನ್ನೂ ರಂಟೆಯ ಜಾಗದಲ್ಲಿ ಲಂಗರನ್ನೂ ಇಟ್ಟರೆ ಲಂಗರು ವಿದ್ಯೆಯ ಮುಕ್ಕಾಲು ಪಾಲು ಮುಗಿಯಿತು.

ಇದು ನಾನು ಹೊಸೆದ ಹೋಲಿಕೆಯಲ್ಲ. 1933ರಲ್ಲಿ ಕೇಂಬ್ರಿಜ್‌ನ ಭೌತವಿಜ್ಞಾನಿ ಜೆಫ್ರಿ ಇನ್‌ಗ್ರಾಮ್ ಟೇಲರ್ ನಿಜಕ್ಕೂ ರಂಟೆಯನ್ನೇ ಲಂಗರು ಮಾಡಿದ. ನೀರಿನ, ಗಾಳಿಯ ಹರಿವಿನ ಗಣಿತದಲ್ಲಿ 20ನೇ ಶತಮಾನ ಕಂಡ ದೊಡ್ಡ ಹೆಸರುಗಳಲ್ಲಿ ಅವನದೂ ಒಂದು. ಕಂಪ್ಯೂಟರಿನ ತರ್ಕಕ್ಕೆ ಬುನಾದಿ ಹಾಕಿದ ಜಾರ್ಜ್ ಬೂಲ್ ಅವನ ತಾಯಿಯ ತಂದೆ. ಟೇಲರನಿಗೆ ಹಾಯಿದೋಣಿಯ ಹುಚ್ಚು; ಬೇಸಿಗೆ ಬಂತೆಂದರೆ ಯಾಚ್ ಹತ್ತಿ ಉತ್ತರದ ದ್ವೀಪಗಳ ಕಡೆ ಹೊರಟುಬಿಡುತ್ತಿದ್ದ. ಆಗಿನ್ನೂ ನೀರಿನ ಮೇಲೆ ಇಳಿಯುವ ವಿಮಾನಗಳ ಕಾಲ. ಅವಕ್ಕೆ ಭಾರದ ಲಂಗರು ಹೊರುವ ಶಕ್ತಿಯಿಲ್ಲ, ಹಗುರಾಗಿದ್ದೂ ಗಟ್ಟಿ ಹಿಡಿಯುವ ಲಂಗರು ಬೇಕು. ಟೇಲರ್ ಎರಡು ರಂಟೆಯ ಕುಳಗಳನ್ನು ಬೆನ್ನಿಗೆ ಬೆನ್ನು ಹಚ್ಚಿದಂಥ ಒಂದು ತಲೆ ಮಾಡಿ, ಅದನ್ನು ದಂಡಕ್ಕೆ ಕೀಲಿನಿಂದ ಜೋಡಿಸಿದ. ಗಾಳಿ ದಿಕ್ಕು ಬದಲಿಸಿ ದೋಣಿ ತಿರುಗಿದಾಗ ಕೀಲು ತಿರುಗುತ್ತದೆ, ಕುಳ ನೆಲ ಬಿಡುವುದಿಲ್ಲ. ಸಿ.ಕ್ಯೂ.ಆರ್. ಎಂಬ ಹೆಸರಿನ ಈ ಲಂಗರು ಹಲವು ದಶಕ ಯಾಚ್‌ಗಳ ಮೂತಿಯ ಮೇಲೆ ಮೆರೆಯಿತು.

ಅದಕ್ಕೂ ಮೂವತ್ತು ವರ್ಷ ಮುಂಚೆ ಕಬ್ಬಿಣದ ನೇಗಿಲನ್ನು ನಮ್ಮ ಹೊಲಗಳಿಗೆ ತಂದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು, 1869ರಲ್ಲಿ, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅವರು ನೇಗಿಲು ಎರಕ ಹೊಯ್ದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಟೇಲರನಿಗೆ ಅಂಥ ಅಡ್ಡಿ ಬಂದಂತಿಲ್ಲ.

ಸರಪಳಿಯ ಉದ್ದಕ್ಕೆ ಮರಳೋಣ. ದೋಣಿಯ ಮೂತಿಯಿಂದ ಸಮುದ್ರದ ತಳಕ್ಕೆ ಇರುವ ಎತ್ತರದ ಎಷ್ಟು ಪಟ್ಟು ಹಗ್ಗ ಬಿಡಬೇಕು? ಮೂರು ಪಟ್ಟು ಬಿಟ್ಟು ಹಗ್ಗ ಬಿಗಿದು ನಿಂತಾಗ ಅದು ತಳದೊಂದಿಗೆ ಹತ್ತೊಂಬತ್ತು ಡಿಗ್ರಿ ದಾಟಿದ ಕೋನ ಮಾಡುತ್ತದೆ. ಐದು ಪಟ್ಟಿಗೆ ಹನ್ನೊಂದೂವರೆ ಡಿಗ್ರಿ, ಏಳು ಪಟ್ಟಿಗೆ ಎಂಟು. ಹತ್ತು ಪಟ್ಟು ಬಿಟ್ಟರೂ ಅಲ್ಲಿಂದ ಮುಂದೆ ಎರಡು ಮೂರು ಡಿಗ್ರಿಯಷ್ಟೇ ಲಾಭ. ಹೀಗಾಗಿ ಕಬ್ಬಿಣದ ಸರಪಳಿಯಾದರೆ ಐದು ಪಟ್ಟು, ಬರೀ ಹಗ್ಗವಾದರೆ ಏಳು ಎಂಬ ವಾಡಿಕೆ ಬೆಳೆದಿದೆ. ಸರಪಳಿಗೆ ಈ ರಿಯಾಯಿತಿ ಯಾಕೆಂದರೆ ಅದು ತನ್ನ ಭಾರಕ್ಕೆ ಜೋತು ಬಿದ್ದು ಕೊನೆಯ ಭಾಗ ತಳದಲ್ಲೇ ಮಲಗಿರುತ್ತದೆ. ಲಂಗರಿಗೆ ಸಿಗುವ ಎಳೆತ ಪೂರಾ ಅಡ್ಡ. ಅಲೆ ಬಂದು ದೋಣಿಯನ್ನು ಹಿಂದಕ್ಕೆ ತಳ್ಳಿದಾಗ ಆ ಜೋತು ನೀಳವಾಗುತ್ತ ಧಕ್ಕೆಯನ್ನು ನುಂಗುತ್ತದೆ. ಗಾಳಿ ನಿಜಕ್ಕೂ ರಭಸವಾದಾಗ ಮಾತ್ರ ಸರಪಳಿಯೂ ಕೋಲಿನಂತೆ ನೆಟ್ಟಗಾಗುತ್ತದೆ, ಆಮೇಲೆ ಉಳಿಯುವುದು ಕೋನದ ಲೆಕ್ಕವೊಂದೇ.

ಲಂಗರನ್ನು ಸಿನಿಮಾದಲ್ಲಿ ತೋರಿಸುವಂತೆ ಎತ್ತಿ ಎಸೆಯುವುದಿಲ್ಲ. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ, ನಿಲ್ಲಿಸಿ, ಲಂಗರನ್ನು ಮೆಲ್ಲಗೆ ಇಳಿಸುತ್ತಾರೆ. ಗಾಳಿಯೇ ದೋಣಿಯನ್ನು ಹಿಂದಕ್ಕೆ ಒಯ್ಯುತ್ತದೆ. ಅದು ಹೋದ ಹಾಗೆ ಹಗ್ಗ ಬಿಡುತ್ತ ಬರಬೇಕು. ಒಂದೇ ಕಡೆ ಸುರಿದರೆ ಲಂಗರಿಗೇ ಸುತ್ತಿಕೊಳ್ಳುತ್ತದೆ. ಸಾಕಷ್ಟು ಬಿಟ್ಟಾದ ಮೇಲೆ ಹಗ್ಗ ಕಟ್ಟಿ, ಎಂಜಿನ್ನನ್ನು ಹಿಂದಕ್ಕೆ ಹಾಕಿ ನಿಧಾನವಾಗಿ ಜಗ್ಗುತ್ತಾರೆ. ಆಗ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟು ನೋಡಬೇಕು. ಲಂಗರು ನಾಟಿದ್ದರೆ ಹಗ್ಗ ಕಲ್ಲಿನ ಹಾಗೆ ನಿಂತಿರುತ್ತದೆ. ಬಂಡೆಯ ಮೇಲೆ ಕೆರೆದುಕೊಂಡು ಬರುತ್ತಿದ್ದರೆ ತಳದ ಪ್ರತಿ ಉಬ್ಬುತಗ್ಗೂ ಗಡಗಡ ಎಂದು ಅಂಗೈಗೆ ತಿಳಿಯುತ್ತದೆ. ಆಮೇಲೆ ದಡದ ಎರಡು ಗುರುತುಗಳನ್ನು ಹಿಡಿಯುವುದು. ಮುಂದಿನ ತೆಂಗಿನಮರ, ಅದರ ಹಿಂದಿನ ಗುಡ್ಡದ ತುದಿ ಒಂದೇ ಸಾಲಿಗೆ ಬಂದಿವೆ ಎಂದುಕೊಳ್ಳಿ. ಅರ್ಧ ಗಂಟೆಯ ಮೇಲೂ ಅದೇ ಸಾಲಿನಲ್ಲಿದ್ದರೆ ದೋಣಿ ನಿಂತಿದೆ. ಮರವೊಂದು ಕಡೆ ಗುಡ್ಡವೊಂದು ಕಡೆ ಸರಿದಿದ್ದರೆ ಲಂಗರು ಜಾರುತ್ತಿದೆ.

ನಮ್ಮಲ್ಲಿ ಯಾಚ್‌ಗಳು ಕಡಿಮೆ. ಇದ್ದವುಗಳಲ್ಲಿ ಹೆಸರಾದದ್ದು ನೌಕಾಪಡೆಯ ಮ್ಹಾದೇಯಿ, ಗೋವೆಯಲ್ಲಿ ಕಟ್ಟಿದ ಹದಿನೇಳು ಮೀಟರಿನ ಹಾಯಿದೋಣಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿ ನದಿಯ ಹೆಸರೇ ಅದಕ್ಕೂ. ದಿಲೀಪ್ ದೋಂದೆ 2009-10ರಲ್ಲಿ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ ಎಲ್ಲೂ ಬಂದರಿಗೆ ಹೋಗದೆ ಒಂದೇ ಓಟಕ್ಕೆ ಸುತ್ತಿದರು. ಇಷ್ಟೆಲ್ಲ ಲಂಗರಿನ ಮಾತಾಡುವ ಅಧ್ಯಾಯದಲ್ಲಿ ಅವರ ಹೆಸರು ಬರಬಾರದೋ ಏನೋ!

ಇನ್ನು ಮುಕ್ಕಾಲು ಪಾಲಿನ ಆಚೆ ಉಳಿದ ಕಾಲು ಪಾಲು, ನೆಲದ್ದು. ಹೊಲದಲ್ಲಿ ಎರೆ, ಮಸಾರಿ, ಗರಸು ಎಂದು ಇರುವ ಹಾಗೆ ಕಡಲ ತಳದಲ್ಲೂ ಜಾತಿಗಳಿವೆ. ಮರಳಿನ ಬಲವೆಲ್ಲ ಕಾಳಿಗೆ ಕಾಳು ತಿಕ್ಕುವ ಘರ್ಷಣೆಯಿಂದ. ಮೇಲೆ ಮರಳಿನ ಹೊರೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆದ್ದರಿಂದ ಅಲ್ಲಿ ಲಂಗರು ಆಳಕ್ಕೆ ಹೋಗಬೇಕು. ಜೇಡಿಯ ಬಲ ಅದರ ಅಂಟಿನಿಂದ. ಗಟ್ಟಿ ಜೇಡಿ ಬೆಣ್ಣೆಯಂಥ ತಳ. ಲಂಗರು ನೀಟಾಗಿ ಕಚ್ಚಿ ನಿಲ್ಲುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ದಡದಿಂದ ಐವತ್ತು ಅರವತ್ತು ಮೀಟರ್ ಆಳದವರೆಗೆ ಹೆಚ್ಚಾಗಿ ನದಿಗಳು ತಂದು ಸುರಿದ ಕೆಸರು. ಅದು ಮೆತ್ತನೆಯ ಕೆಸರಾದ್ದರಿಂದ ಲಂಗರಿಗೆ ಅಗಲ ಕುಳ ಬೇಕು, ಮೇಲೆ ಒಂದಿಷ್ಟು ತಾಳ್ಮೆಯೂ ಬೇಕು. ಇಳಿಸಿದ ಕೂಡಲೇ ಜಗ್ಗದೆ, ತನ್ನ ಪಾಡಿಗೆ ಇಳಿದು ಕೂರಲು ಬಿಟ್ಟರೆ ಹಿಡಿತ ಹೆಚ್ಚುತ್ತದೆ. ತಳ ಯಾವ ಜಾತಿಯದು ಎಂದು ತಿಳಿಯಲು ಹಿಂದಿನ ನಾವಿಕರು ಆಳ ಅಳೆಯುವ ಸೀಸದ ಗುಂಡಿನ ಅಡಿಯ ಕುಳಿಗೆ ಕೊಬ್ಬು ಮೆತ್ತಿ ಬಿಡುತ್ತಿದ್ದರು. ಮೇಲೆ ಎಳೆದಾಗ ಕೊಬ್ಬಿಗೆ ಮರಳು ಅಂಟಿದೆಯೋ, ಕೆಸರೋ, ಚಿಪ್ಪಿನ ಚೂರೋ ನೋಡಿ ಲಂಗರು ಹಾಕುತ್ತಿದ್ದರು. ಏನೂ ಅಂಟದೆ ಬಂದರೆ ಅಡಿಯಲ್ಲಿ ಬಂಡೆ.

ಬಂಡೆಯ ಮಾತು ಬಂದರೆ ಮಲ್ಪೆಗೆ ಹೋಗಬೇಕು. ಉಡುಪಿಯ ಮಲ್ಪೆ ಬಂದರಿನಿಂದ ಆರು ಕಿಲೋಮೀಟರು ದೂರದ ಸೇಂಟ್ ಮೇರೀಸ್ ದ್ವೀಪಗಳನ್ನು ಊರವರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿ ಕಲ್ಲುಕಂಬ ನೆಟ್ಟು ಸಂತ ಮೇರಿಯ ಹೆಸರಿಟ್ಟ ಎಂಬ ಪ್ರತೀತಿಯಿದೆ. ದ್ವೀಪದ ತುಂಬ ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು, ಕೆಲವು ಎರಡಾಳೆತ್ತರ ಮೀರಿದವು. ಯಾರೂ ಕಡೆದದ್ದಲ್ಲ. ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಹರಿದುಕೊಂಡು ದೂರ ಸರಿಯುವಾಗ ಉಕ್ಕಿದ ಲಾವಾ ಇದು. ಬೆಳಗಾವಿಯ ಕರಿಗಲ್ಲಿನ ದಖ್ಖನ್ ಪ್ರಸ್ತರದ ಭಾಗವೇ ಇದು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ದಖ್ಖನ್ ಲಾವಾ ಹರಿದದ್ದು 6.6 ಕೋಟಿ ವರ್ಷಗಳ ಹಿಂದೆ, ಅಂದರೆ ಇದಕ್ಕಿಂತ ಎರಡು ಕೋಟಿ ವರ್ಷ ಈಚೆ. ಕಲ್ಲಿನ ಜಾತಿಯೂ ಬೇರೆ. ದಖ್ಖನಿನದು ಬಸಾಲ್ಟ್, ಇಲ್ಲಿಯದು ಸಿಲಿಕಾ ಹೆಚ್ಚಿರುವ ರಯೊಲೈಟ್.

ಲಾವಾ ಆರುವಾಗ ಕುಗ್ಗುತ್ತದೆ. ಮೇಲ್ಮೈ ಕುಗ್ಗಲು ನೋಡುತ್ತದೆ, ಒಳಗಿನ ಬಿಸಿ ಭಾಗ ಬಿಡುವುದಿಲ್ಲ, ಬಿರುಕು ಬೀಳುತ್ತದೆ. ಒಳಕ್ಕೆ ತಂಪು ಇಳಿದಂತೆ ಬಿರುಕೂ ಹಿಂಬಾಲಿಸುತ್ತದೆ, ಕಂಬಗಳು ಬೇರೆ ಬೇರೆಯಾಗುತ್ತವೆ. ಮೂರು ಬಿರುಕು ಕೂಡುವ ಕಡೆ ನೂರಿಪ್ಪತ್ತು ಡಿಗ್ರಿಯ ಹಂಚಿಕೆಯಾದರೆ ಒತ್ತಡ ಸಮನಾಗಿ ಕಳೆಯುವುದರಿಂದ ಆರು ಮುಖಗಳ ಕಡೆಗೆ ಒಲವು. ಚೈತ್ರ-ವೈಶಾಖದಲ್ಲಿ ಎರೆ ಹೊಲ ಬಾಯಿ ಬಿಡುವುದೂ ಇದೇ ಕುಗ್ಗುವಿಕೆಯಿಂದ, ಅಲ್ಲಿ ಹೋಗುವುದು ಶಾಖವಲ್ಲ ತೇವ ಅಷ್ಟೇ.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸ್ಟಾಫಾ ಎಂಬ ಪುಟ್ಟ ದ್ವೀಪವೂ ಹೀಗೆ ಕಂಬಗಳದೇ. ಅಲ್ಲಿಯ ಲಾವಾ ಸುಮಾರು ಆರು ಕೋಟಿ ವರ್ಷ ಹಳೆಯದು, ಉತ್ತರ ಅಟ್ಲಾಂಟಿಕ್ ಬಾಯಿ ತೆರೆಯುತ್ತಿದ್ದ ಕಾಲದ್ದು. ಹೊರಜಗತ್ತಿಗೆ ಅದನ್ನು ಪರಿಚಯಿಸಿದವನು 1772ರಲ್ಲಿ ಐಸ್‌ಲೆಂಡಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದ ಜೋಸೆಫ್ ಬ್ಯಾಂಕ್ಸ್. ಯಾಚ್‌ನವರು ಇಂದಿಗೂ ಅಲ್ಲಿ ಕಡಲು ಶಾಂತವಿದ್ದ ದಿನವೇ ಲಂಗರು ಹಾಕುತ್ತಾರೆ, ದೋಣಿಯಲ್ಲಿ ಒಬ್ಬರನ್ನು ಕಾವಲಿಗೆ ಬಿಟ್ಟು ಉಳಿದವರು ಇಳಿಯುತ್ತಾರೆ. ಸ್ಟಾಫಾಕ್ಕೂ ತೋನ್ಸೆಪಾರಿಗೂ ಹೆಸರು ತಂದ ಕಂಬಗಳೇ ಅಲ್ಲಿ ಲಂಗರಿಗೆ ಶತ್ರು. ಕಂಬಗಳು ನೀರಂಚಿಗೆ ನಿಲ್ಲುವುದಿಲ್ಲ, ಅಡಿಯಲ್ಲೂ ಮುಂದುವರಿಯುತ್ತವೆ. ರಂಟೆಯಾಕಾರದ ಲಂಗರಿಗೆ ಅಲ್ಲಿ ಕಚ್ಚಲು ಮಣ್ಣಿಲ್ಲ; ಒಂದೋ ಜಾರುತ್ತದೆ, ಇಲ್ಲವೇ ಎರಡು ಕಂಬಗಳ ಸಂದಿಗೆ ಸಿಕ್ಕಿಕೊಂಡು ಮೇಲೇಳುವುದೇ ಇಲ್ಲ. ಮಲ್ಪೆಯ ದೋಣಿಯವರೊಬ್ಬರ ಮಾತು: "ಅಲ್ಲಿ ಪೂರಾ ಬಂಡೆ ಉಂಟು ಮಾರ್ರೆ. ಹಾಕುದು ಸುಲಭ, ತೆಗಿಲಿಕ್ಕೆ ಬರುದಿಲ್ಲ." ಇಂಥ ಕಡೆಗೆಂದು ಅವರ ಬಳಿ ಬೇರೆ ಲಂಗರಿದೆ: ನಾಲ್ಕು ಕೊಕ್ಕೆಯದು, ಸರಳು ಬಾಗಿಸಿ ಮಾಡಿದ್ದು. ತೀರಾ ಸಿಕ್ಕಿಕೊಂಡರೆ ಜೋರಾಗಿ ಜಗ್ಗಿದಾಗ ಕೊಕ್ಕೆ ನೆಟ್ಟಗಾಗಿ ಬಿಟ್ಟು ಬರುತ್ತದೆ, ದಡಕ್ಕೆ ಬಂದು ಮತ್ತೆ ಬಡಿದು ಬಾಗಿಸಿಕೊಂಡರಾಯಿತು. ಮೆತ್ತನೆ ಸರಳು ಇಲ್ಲಿ ದೋಷವಲ್ಲ, ಗುಣ.

ತಳ ಸಿಕ್ಕಿತು, ಹಗ್ಗ ಬಿಟ್ಟಾಯಿತು. ಅಷ್ಟಕ್ಕೇ ನಿಶ್ಚಿಂತೆಯಿಂದ ಇಳಿಯುವಂತಿಲ್ಲ, ಏಕೆಂದರೆ ಸಮುದ್ರದ ಎತ್ತರವೇ ನಿಲ್ಲುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ-ಚಂದ್ರರ ಎಳೆತ ಒಂದೇ ಸಾಲಿಗೆ ಬಂದು ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಕಾರವಾರದಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ಎರಡು ಮೀಟರಿನ ಆಸುಪಾಸು ಅಂತರ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಲ್ಲಿ ಅದು ಮೂರು ಮೀಟರ್ ದಾಟುತ್ತದೆ. ಕಾರವಾರದಲ್ಲಿ ಇಳಿತದ ಹೊತ್ತಿನಲ್ಲಿ ಮೂರು ಮೀಟರ್ ನೀರಿದೆ, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲಿದೆ ಎಂದುಕೊಂಡು ನಾಲ್ಕಕ್ಕೆ ಐದು ಪಟ್ಟು, ಇಪ್ಪತ್ತು ಮೀಟರ್ ಹಗ್ಗ ಬಿಟ್ಟಿರಿ. ಲೆಕ್ಕ ಸರಿ. ಆರು ತಾಸಿನ ಮೇಲೆ ಭರತ ಬಂದು ಎತ್ತರ ಆರು ಮೀಟರಾಗುತ್ತದೆ. ಅದೇ ಇಪ್ಪತ್ತು ಮೀಟರು ಈಗ ಮೂರೂಕಾಲು ಪಟ್ಟಿನ ಸುಮಾರು. ಹನ್ನೊಂದೂವರೆ ಡಿಗ್ರಿ ಇದ್ದ ಕೋನ ಹದಿನೇಳು ದಾಟಿತು. ನೀವು ದ್ವೀಪದಲ್ಲಿ ಬುತ್ತಿ ಬಿಚ್ಚಿ ಕೂತಿರುವಾಗ ಅತ್ತ ಯಾರೋ ಸರಪಳಿ ಗಿಡ್ಡ ಮಾಡಿದಂತಾಯಿತು. ಹಾಗೆಂದು ಭರತಕ್ಕೆ ಸರಿಯಾಗಿ ಹಗ್ಗ ಬಿಟ್ಟರೆ ಇಳಿತದಲ್ಲಿ ದೋಣಿ ದೊಡ್ಡ ಸುತ್ತು ತಿರುಗುತ್ತದೆ. ಬೆಳಿಗ್ಗೆ ನೆಲದ ಗಾಳಿ ಪೂರ್ವದಿಂದ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಶ್ಚಿಮದಿಂದ. ಬೆಳಿಗ್ಗೆ ದೋಣಿಯಿದ್ದ ಕಡೆ ಸಂಜೆ ಇರುವುದಿಲ್ಲ. ಆ ಸುತ್ತಿನೊಳಗೆ ಒಂದೂ ಬಂಡೆ ತಲೆ ಎತ್ತಬಾರದು.

ಹುಣ್ಣಿಮೆಯೆಂದರೆ ಸವದತ್ತಿ ಸೀಮೆಯವರಿಗೆ ಯಲ್ಲಮ್ಮನ ಗುಡ್ಡ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಗುಡ್ಡದ ತುಂಬ ಚಕ್ಕಡಿ, ಟ್ರ್ಯಾಕ್ಟರ್. ಅದೇ ಹುಣ್ಣಿಮೆಗೆ ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ, ಅಲ್ಲಿ ಎಲ್ಲರೂ ದೋಣಿಯಲ್ಲೇ ಹೋಗಿ ಬರಬೇಕು. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. ಸತ್ತವರಲ್ಲಿ ಹಲವರು ಹಾವೇರಿ ಕಡೆಯವರು, ನಮ್ಮಂತೆ ಬಯಲಿನವರು. ಆ ದಿನದ ಕಾರಣಗಳನ್ನು ಇಲ್ಲಿ ಕೆದಕುವುದಿಲ್ಲ. ಆದರೆ ದೋಣಿ ಯಾಕೆ ಮಗುಚುತ್ತದೆ ಎಂಬುದನ್ನು ಸಮುದ್ರ ಕಾಣದೆ ಬೆಳೆದವರು ತಿಳಿದಿರಲೇಬೇಕು.

ದೋಣಿಯ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೆಳಕ್ಕೆ ಎಳೆಯುತ್ತದೆ, ನೀರು ಇನ್ನೊಂದು ಬಿಂದುವಿನಲ್ಲಿ ಮೇಲಕ್ಕೆ ಒತ್ತುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಆ ಮಗ್ಗುಲು ಹೆಚ್ಚು ಮುಳುಗಿ, ನೀರಿನ ಒತ್ತು ಅತ್ತ ಸರಿಯುತ್ತದೆ. ಭಾರದ ಬಿಂದು ತಗ್ಗಿನಲ್ಲಿದ್ದರೆ ಹೊರಗಡೆಗೆ ಸರಿದ ಒತ್ತು ದೋಣಿಯನ್ನು ಮರಳಿ ನೆಟ್ಟಗೆ ಮಾಡುತ್ತದೆ. ಜನ ತಳದಲ್ಲಿ ಕೂತಿರುವವರೆಗೆ ಅವರ ಭಾರವೇ ದೋಣಿಗೆ ರಕ್ಷೆ. ಅದೇ ಜನ, ದ್ವೀಪ ಬಂತೆಂದು ಎದ್ದು ನಿಂತರೆ ಭಾರದ ಬಿಂದು ಮೇಲೇರುತ್ತದೆ. ಎಲ್ಲರೂ ಒಂದೇ ಮಗ್ಗುಲಿಗೆ ಫೋಟೋ ತೆಗೆಯಲು ವಾಲಿದರೆ ಅದು ಒತ್ತಿನ ಗೆರೆ ದಾಟಿ ಆಚೆ ಹೋಗುತ್ತದೆ. ಅಲ್ಲಿಂದ ಮುಂದೆ ನೀರು ದೋಣಿಯನ್ನು ನೆಟ್ಟಗೆ ಮಾಡುವುದಿಲ್ಲ, ಉರುಳಿಸುತ್ತದೆ. ಕೂರ್ರೀ ಎಂದು ದೋಣಿಯವನು ಗದರಿಸಿದರೆ ಸಿಟ್ಟಾಗಬಾರದು.

ತೋನ್ಸೆಪಾರಿನಲ್ಲಿ ದೊಡ್ಡ ದೋಣಿಯನ್ನು ತುಸು ದೂರ ನಿಲ್ಲಿಸಿ, ಅಲ್ಲಿಂದ ಸಣ್ಣ ದೋಣಿಗೆ ಇಳಿಸಿ, ಮೊಣಕಾಲು ನೀರಿನಲ್ಲಿ ದಡ ಹತ್ತಿಸುವುದು ಬಹುಕಾಲದ ವಾಡಿಕೆ. ಯಾಚ್‌ನವರು ಬೆನ್ನಿಗೆ ಕಟ್ಟಿಕೊಂಡು ಬರುವ ಪುಟ್ಟ ರಬ್ಬರ್ ದೋಣಿಯ ಕೆಲಸವೂ ಇದೇ. ಇಳಿಯುವ ಜಾಗ ಸಾಮಾನ್ಯವಾಗಿ ದ್ವೀಪದ ಮರೆಯ ಮಗ್ಗುಲು, ತೆರೆ ನೇರ ಬಡಿಯದ ಕಡೆ. ಆದರೆ ಮರೆ ಎಂದೂ ಪೂರ್ತಿ ಮರೆಯಲ್ಲ. ಆಳ ಕಡಿಮೆಯಾದ ಕಡೆ ತೆರೆಯ ವೇಗ ತಗ್ಗುವುದರಿಂದ ಅದು ದ್ವೀಪವನ್ನು ಬಳಸಿಕೊಂಡು ಎರಡೂ ಕಡೆಯಿಂದ ಬಾಗಿ ಬಂದು ಹಿಂಬದಿಯಲ್ಲಿ ಕೂಡುತ್ತದೆ. ಕೂಡುವ ಕಡೆ ಬಲ ಕುಂದಿ ತಾನು ಹೊತ್ತು ತಂದ ಮರಳು, ಚಿಪ್ಪು ಕೆಳಗೆ ಹಾಕುತ್ತದೆ. ಕಂಬಗಳ ನಡುವೆ ಇಳಿಯಲು ಒಂದಿಷ್ಟು ಮೆತ್ತನೆ ಜಾಗ ಸಿಗುವುದು ಹೀಗೆ. ತೆರೆ ಒಡೆಯುವುದು ಅದರ ಎತ್ತರದ ಒಂದೂಕಾಲು ಪಟ್ಟಿನಷ್ಟು ಆಳ ಉಳಿದಾಗ. ಅರ್ಧ ಮೀಟರಿನ ತೆರೆ ತೊಡೆಮಟ್ಟದ ನೀರಿನಲ್ಲಿ ಒಡೆಯುತ್ತದೆ. ದೋಣಿಯಿಂದ ಇಳಿಯುವವರು ಇಳಿಯುವುದೂ ಹೆಚ್ಚುಕಡಿಮೆ ಅಲ್ಲೇ. ದೊಡ್ಡ ತೆರೆಗಳು ಗುಂಪಾಗಿ ಬಂದು ಆಮೇಲೆ ಸ್ವಲ್ಪ ಹೊತ್ತು ಬಿಡುವು ಕೊಡುತ್ತವೆ. ಬಲ್ಲ ದೋಣಿಯವನು ಆ ಬಿಡುವನ್ನು ಕಾದು ಒಂದೇ ಉಸಿರಿಗೆ ದಡಕ್ಕೆ ನುಗ್ಗುತ್ತಾನೆ. ಮಳೆಗಾಲದಲ್ಲಿ ಈ ಬಿಡುವೇ ಇರುವುದಿಲ್ಲ, ದ್ವೀಪದ ಓಡಾಟ ನಿಂತುಹೋಗುತ್ತದೆ.

ಒಳ್ಳೆಯ ಲಂಗರುದಾಣ ಇದ್ದ ಮಾತ್ರಕ್ಕೆ ದ್ವೀಪ ವಾಸಕ್ಕೆ ಒಳ್ಳೆಯದು ಎಂದೇನೂ ಅಲ್ಲ. ಕಾರವಾರದೆದುರಿನ ಅಂಜುದೀವನ್ನು ನೋಡಿ. 1498ರಲ್ಲಿ ಗಾಮನ ಹಡಗುಗಳು ಅಲ್ಲಿ ಸಿಹಿನೀರು ತುಂಬಿಕೊಂಡು, ದಡಕ್ಕೆ ವಾಲಿಸಿ ತಳ ಕೆರೆದು ಹೊರಟವು. ಅದೇ ದ್ವೀಪದಲ್ಲಿ 1660ರ ದಶಕದಲ್ಲಿ, ಪೋರ್ಚುಗೀಸರು ಮುಂಬಯಿ ಬಿಟ್ಟುಕೊಡಲಿ ಎಂದು ಕಾಯುತ್ತ ಕೂತ ನಾನೂರರಷ್ಟು ಇಂಗ್ಲಿಷ್ ಸೈನಿಕರಲ್ಲಿ ಕೊನೆಗೆ ಉಳಿದದ್ದು ನೂರರ ಆಸುಪಾಸು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ ಅಲ್ಲೇ ಸತ್ತ.

ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರು ಹೊರಗಿರುವ ನೇತ್ರಾಣಿಯ ಸಮಸ್ಯೆ ತಿರುಗುಮುರುಗು. ಅಲ್ಲಿ ಕಾಪಾಡಬೇಕಾದ್ದು ದೋಣಿಯನ್ನಲ್ಲ, ತಳವನ್ನು. ಕಡಿದಾದ ಬಂಡೆಯ ಈ ದ್ವೀಪದ ಸುತ್ತ ಹವಳ ಬೆಳೆದಿದೆ, ಮುಳುಗಿ ನೋಡಲು ಜನ ಬರುತ್ತಾರೆ. ಹವಳದ ಗೊಂಚಲು ವರ್ಷಕ್ಕೆ ಬೆಳೆಯುವುದು ಸೆಂಟಿಮೀಟರುಗಳ ಲೆಕ್ಕದಲ್ಲಿ, ಕೆಲವು ಜಾತಿಗಳು ಮಿಲಿಮೀಟರುಗಳ ಲೆಕ್ಕದಲ್ಲಿ. ಲಂಗರು ಬಿದ್ದ ಕಡೆ ಮುರಿಯುವುದು ಒಂದಾದರೆ, ದೋಣಿ ಗಾಳಿಗೆ ತಿರುಗಿದಂತೆಲ್ಲ ತಳದಲ್ಲಿ ಮಲಗಿದ ಸರಪಳಿ ಕುಂಟೆ ಹೊಡೆದ ಹಾಗೆ ಸುತ್ತಲಿನದನ್ನೂ ಸವರಿ ಹಾಕುತ್ತದೆ. ಲಂಗರಿಗೆ ಬಲ ಕೊಡುವ ಸರಪಳಿಯ ಜೋತೇ ಹವಳಕ್ಕೆ ಕೇಡು. ಇಂಥ ಕಡೆ ಬೇಕಾದ್ದು ಬರಿ ಬಂಡೆಗೆ ಒಮ್ಮೆ ಕೊರೆದು ಕೂರಿಸಿದ ಗೂಟ, ಅದಕ್ಕೆ ಕಟ್ಟಿದ ಹಗ್ಗವನ್ನು ತಳಕ್ಕೆ ತಾಗದಂತೆ ನಡುನೀರಿನಲ್ಲಿ ಎತ್ತಿ ಹಿಡಿಯುವ ತೇಲುಬುಂಡೆ, ಮೇಲೆ ದೋಣಿ ಕಟ್ಟಲು ಇನ್ನೊಂದು ಬುಂಡೆ.

ಹಾಕಿದ ಲಂಗರನ್ನು ಕೀಳುವುದಕ್ಕೆ ಹೊಸ ಸೂತ್ರವೇನೂ ಬೇಡ, ಇದ್ದದ್ದನ್ನೇ ತಿರುಗಿಸಿದರೆ ಆಯಿತು. ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದು, ಹಗ್ಗ ತೊಂಬತ್ತು ಡಿಗ್ರಿಗೆ ಬಂದಾಗ ಜಗ್ಗಬೇಕು. ಮರಳು ಸುಲಭವಾಗಿ ಬಿಡುತ್ತದೆ. ಬಂಡೆಗೆ ಸಿಕ್ಕುವ ಅಂಜಿಕೆಯಿದ್ದರೆ ಮೊದಲೇ ಲಂಗರಿನ ತಲೆಯ ಕಡೆಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ಬುಂಡೆ ತೇಲಿಬಿಟ್ಟಿರುತ್ತಾರೆ. ಅದನ್ನು ಎಳೆದರೆ ಕೊಕ್ಕೆ ಹಿಂದುಮುಂದಾಗಿ ಬಿಡಿಸಿಕೊಳ್ಳುತ್ತದೆ. ಕೆಸರಿನದೇ ತಕರಾರು. ಲಂಗರು ಮೇಲೇಳಬೇಕಾದರೆ ಅದರಡಿ ಬರಿದಾಗುವ ಜಾಗಕ್ಕೆ ನೀರು ನುಗ್ಗಬೇಕು, ಜೇಡಿಯ ಕಾಳುಗಳ ಸಂದಿಯಲ್ಲಿ ನೀರು ಬೇಗ ಹರಿಯುವುದಿಲ್ಲ, ಹೀಗಾಗಿ ತಳ ಹೀರಿ ಹಿಡಿಯುತ್ತದೆ. ತೋಳಿನ ಬಲಕ್ಕೆ ಜಗ್ಗದ್ದನ್ನು ತೆರೆಗೆ ಬಿಡುವುದು ಜಾಣತನ: ದೋಣಿ ತೆರೆಯ ತಗ್ಗಿಗೆ ಇಳಿದಾಗ ಹಗ್ಗ ಬಿಗಿದು ಕಟ್ಟಿದರೆ, ಮುಂದಿನ ಉಬ್ಬು ಇಡೀ ದೋಣಿಯನ್ನೇ ಎತ್ತಿ ಲಂಗರನ್ನು ಇಂಚಿಂಚಾಗಿ ಕೀಳುತ್ತದೆ. ಮೇಲೆ ಬರುವ ಕೆಸರು ಕರ್ರಗೆ, ಕೊಳೆತ ತತ್ತಿಯ ನಾತ. ತಳದ ಕೆಸರಿನೊಳಕ್ಕೆ ಆಮ್ಲಜನಕ ಇಳಿಯುವುದಿಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟಿನಲ್ಲಿ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಕಬ್ಬಿಣದ ಜೊತೆ ಕೂಡಿ ಕಪ್ಪು ಬಣ್ಣ ಕೊಡುತ್ತದೆ. ಗಾಳಿ ತಾಗಿದ ಮೇಲೆ ಕ್ರಮೇಣ ಕಂದಾಗುತ್ತದೆ. ಅಷ್ಟರವರೆಗೆ ಕಾಯದೆ ಸರಪಳಿಯನ್ನು ದೋಣಿಯ ಹೊರಗೇ ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆದು ಒಳಗೆ ಎಳೆದುಕೊಳ್ಳುತ್ತಾರೆ.